ಸೀಮಾವಿವಾದದಲ್ಲಿ ಉಪೇಕ್ಷೆಯ ಫಲ

ಒಡೆಯನು ಕಣ್ಣಾರೆ ಕಾಣುತ್ತಿದ್ದು, ಬೇಡವೆಂದು ಬಾಯೆತ್ತದೆ ಸುಮ್ಮನಿರಲಾಗಿ, ಅನ್ಯನು ಅವನ ಭೂಮಿಯನ್ನು ಇಪ್ಪತ್ತು ವರ್ಷ ಅನುಭೋಗಿಸಿದರೆ ಒಡೆಯನಿಗೆ ಹಾನಿಯುಂಟೆಂದು ಯಾಜ್ಞವಲ್ಕ್ಯನು ವ್ಯವಹಾರಾಧ್ಯಾಯದಲ್ಲಿ ವಿಧಿಸಿರುವನು. ಈ ಹಾನಿಯು ಯಾವುದರದು? ಭೂಮಿಯದೋ, ಅದರ ಬೆಳೆಯದೋ? ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಳಿಕೆಯಲ್ಲಿ ಕಲ್ಯಾಣದೊಳಗಿದ್ದು ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಇಲ್ಲಿ ತಡೆದು ನಿಂತು ವಿಚಾರಿಸಿ, ಹೋಗುವದು ಕಳೆದ ವರ್ಷಗಳ ಫಲವೇ ಹೊರತು ಭೂಮಿಯ ಮೇಲಣ ಸ್ವತ್ವವಲ್ಲವೆಂದು ನಿರ್ಣಯಿಸಿದನು. ಅಷ್ಟೇ ಅಲ್ಲ, ಅದರ ಮುಂದಿನ ಶ್ಲೋಕದಲ್ಲಿ ಈ ನಿಯಮಕ್ಕೆ ಕೆಲವು ಅಪವಾದಗಳಿವೆ. ಒತ್ತೆಯಿಟ್ಟ ವಸ್ತು, ಜಡರ ಮತ್ತು ಬಾಲಕರ ಧನ ಮೊದಲಾದವುಗಳ ಸಾಲಿನಲ್ಲಿ ಸೀಮೆಯೂ ಬಂದಿರುವದು. ಎಂದರೆ ಎಲ್ಲೆಯ ವಿಷಯದಲ್ಲಿ ಸುಮ್ಮನಿದ್ದವನಿಗೆ ಫಲಹಾನಿಯೂ ಇಲ್ಲ. ಇದಕ್ಕೆ ವಿಜ್ಞಾನೇಶ್ವರನು ಕೊಡುವ ಕಾರಣವು ಸರಳವಾದುದು: ಬಹುಕಾಲದ ಹಿಂದೆ ಹೂತಿಟ್ಟ ಹೊಟ್ಟು ಇದ್ದಲು ಮುಂತಾದ ಚಿಹ್ನೆಗಳಿಂದ ಸೀಮೆಯನ್ನು ಎಂದಾದರೂ ಸುಲಭವಾಗಿ ಸಾಧಿಸಬಹುದು, ಆದುದರಿಂದ ಮನುಷ್ಯನು ಆ ವಿಷಯದಲ್ಲಿ ಉಪೇಕ್ಷೆಯಿಂದಿರುವದು ಸಹಜವೇ.

ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಬದುವಿನ ಜಗಳವು ಹಿರಿಯರ ಮುಂದೆ ಬಂದಾಗ ಇಂದಿಗೂ ನಡೆಯುವದು ಈ ಮಿತಾಕ್ಷರೆಯ ಮಾತೇ. ಹೇಳುವವರು ಮಿತಾಕ್ಷರೆಯ ಹೆಸರನ್ನು ಕೇಳಿರಲಾರರು. ಆದರೆ ಕಾಯಿದೆಯು ಈ ವಿಷಯದಲ್ಲಿ ವಿಜ್ಞಾನೇಶ್ವರನನ್ನು ಬಿಟ್ಟು ಬಹುದೂರ ಬಂದಿರುವದು. ಹಿರಿಯರ ಸಮಾಧಾನವಾಕ್ಯವನ್ನು ನಂಬಿದವನು ಭೂಮಿಯನ್ನೇ ಕಳೆದುಕೊಳ್ಳುವ ಪ್ರಸಂಗವುಂಟು.

ಈ ಸೀಮೆಯ ಭೂಮಿಯ ಗುಣವನ್ನು ಮೊದಲು ನೋಡತಕ್ಕದ್ದು. ಪೂರ್ವದಲ್ಲಿ ಬೆಳ್ವೊಲ ಮೂನೂರರ ಮುಖ್ಯಪಟ್ಟಣವಾಗಿದ್ದ, ಪಂಪನ ತಾಯಿಯ ಕಡೆಯ ಸಂಬಂಧವುಳ್ಳ ಅಣ್ಣಿಗೇರಿಯಿಂದ ನವಲಗುಂದದ ವರೆಗೆ ಹಬ್ಬಿರುವದು ಕರಿಯ ಎರೆಯ ನೆಲ. ಬೇಸಗೆಯಲ್ಲಿ ಅದು ಬಿರಿಯುವದು, ಮಳೆಯಲ್ಲಿ ಉಬ್ಬುವದು. ಎರೆಯಲ್ಲಿ ಕಲ್ಲು ದುರ್ಲಭವಾದುದರಿಂದ ಬದುವೆಂದರೆ ಬರಿಯ ಮಣ್ಣಿನ ದಿಣ್ಣೆ. ಪ್ರತಿವರ್ಷ ರಂಟೆಯ ಒಂದು ಗೆರೆಯನ್ನು ಬದುವಿನೊಳಗೆ ಹೊಗಿಸಿದರೆ ಆ ವರ್ಷ ಯಾರಿಗೂ ತಿಳಿಯದು. ಟ್ರ್ಯಾಕ್ಟರು ಬಂದ ಮೇಲೆ ಹಲವು ವರ್ಷಗಳ ಕೆಲಸವು ಒಂದು ಬೆಳಗಿನಲ್ಲಿ ಆಗುವದು. ಕುಂದಗೋಳದ ಕಡೆಯಿಂದ ಹರಿದು ಬರುವ ಬೆಣ್ಣೆಹಳ್ಳವು ಸೆಳವಿನಲ್ಲಿ ದಂಡೆಯನ್ನು ಕೊರೆದು ಗುರುತನ್ನೂ ಒಯ್ಯುವದು. ಕಲಘಟಗಿಯ ಮಲೆನಾಡ ಸೆರಗಿನ ಭತ್ತದ ಗದ್ದೆಗಳಲ್ಲಿ ತಕರಾರು ಬದುವಿಗಿಂತ ಹೆಚ್ಚಾಗಿ ನೀರಿನದು.

ನವಲಗುಂದದ ಎರೆಯಲ್ಲಿ ದೇವದತ್ತ ಯಜ್ಞದತ್ತರ ಹೊಲಗಳು ಹೊಂದಿಕೊಂಡಿವೆಯೆಂದು ಇಟ್ಟುಕೊಂಡರೆ, ಯಜ್ಞದತ್ತನು ಬದುವನ್ನು ಒತ್ತಿ ನಾಲ್ಕು ಗುಂಟೆ ಒಳಗೆ ಬಂದಿರುವನು. ದೇವದತ್ತನು ಹಿರಿಯರಿಗೆ ಹೇಳುವನು. ‘ಬಿತ್ತಿಗೆ ಮುಗಿಯಲಿ’ ಎಂದು ಒಮ್ಮೆ, ‘ಸುಗ್ಗಿಯಾಗಲಿ’ ಎಂದು ಒಮ್ಮೆ, ‘ಭೂಮಿ ಎಲ್ಲಿಗೆ ಓಡಿ ಹೋದೀತು’ ಎಂದು ಮತ್ತೊಮ್ಮೆ ಅವರು ಅವನನ್ನು ಸಮಾಧಾನಪಡಿಸುವರು.

ಮಿತಾಕ್ಷರೆಯ ಕಾಲಕ್ಕೆ ಇದು ಬರಿಯ ಕಾಲಹರಣದ ಮಾತಾಗಿರಲಿಲ್ಲ. ಸೀಮೆಯನ್ನು ಜನಪದ, ಗ್ರಾಮ, ಕ್ಷೇತ್ರ, ಗೃಹಗಳೆಂದು ನಾಲ್ಕು ಬಗೆಯಾಗಿ ವಿಂಗಡಿಸಿ, ನಾರದನನ್ನು ಅನುಸರಿಸಿ ಅದರ ಐದು ಲಕ್ಷಣಗಳನ್ನು ವಿಜ್ಞಾನೇಶ್ವರನು ಹೇಳುವನು: ಮರಗಳಿಂದ ಗುರುತಾದುದು ಧ್ವಜಿನೀ, ನೀರಿನಿಂದಾದುದು ಮತ್ಸ್ಯಿನೀ, ಹೊಟ್ಟು ಇದ್ದಲುಗಳನ್ನು ನೆಲದೊಳಗೆ ಹೂತಿಟ್ಟು ಮಾಡಿದುದು ನೈಧಾನೀ, ಉಭಯಪಕ್ಷದವರೂ ಒಡಂಬಟ್ಟುದು ಭಯವರ್ಜಿತಾ, ಚಿಹ್ನೆಯಿಲ್ಲದಲ್ಲಿ ಅರಸನು ಗೊತ್ತುಮಾಡಿದುದು ರಾಜಶಾಸನನೀತಾ. ಚಿಹ್ನೆಗಳನ್ನು ಬಲ್ಲವರು ಸಾಮಂತರು, ಮುದುಕರು, ದನಕಾಯುವವರು, ಎಲ್ಲೆಯ ಬಳಿ ಉಳುವವರು, ಅಡವಿಯಲ್ಲಿ ಸಂಚರಿಸುವವರು. ‘ಸಾಮಂತ’ನೆಂದರೆ ಕಾವ್ಯಗಳಲ್ಲಿ ಪರಿಚಿತನಾದ ಮಾಂಡಲಿಕನಲ್ಲ, ಸುತ್ತಲೂ ಹೊಂದಿಕೊಂಡಿರುವವನು, ನೆರೆಹೊಲದವನು. ಅರಸುಗಳ ನೆರೆಯವನಿಗೆ ಆ ಶಬ್ದವು ಸಂದು ರೂಢಿಯಾದ ಮೇಲೆ ಹೊಲದ ನೆರೆಯವನು ಕನ್ನಡದಲ್ಲಿ ಅದನ್ನು ಕಳೆದುಕೊಂಡನು. ಈ ಸಾಮಂತರಲ್ಲಿ ಪಕ್ಷಪಾತವು ಕಂಡುಬಂದರೆ ಅವರ ಹೊರಗಣ ಸುತ್ತಿನವರನ್ನೂ, ಅವರೂ ದುಷ್ಟರಾದರೆ ಮತ್ತೂ ಹೊರಗಣವರನ್ನೂ ಕರೆಯಬೇಕು. ಕಮಲದ ಎಸಳುಗಳಂತೆ ಸಾಕ್ಷಿಗಳ ಸುತ್ತುಗಳು ಬೆಳೆಯುವವೆಂಬುದು ಕಾತ್ಯಾಯನನ ಕಲ್ಪನೆ. ಅವರು ಕೆಂಪು ಮಾಲೆಯನ್ನೂ ಕೆಂಪು ಬಟ್ಟೆಯನ್ನೂ ಧರಿಸಿ, ತಲೆಯ ಮೇಲೆ ಮಣ್ಣನ್ನು ಹೊತ್ತು ಎಲ್ಲೆಯ ಗುಂಟ ನಡೆಯಬೇಕು. ಆಮೇಲೆ ಮೂರು ಪಕ್ಷಗಳೊಳಗೆ ಅವರಿಗೆ ದೈವದಿಂದಾಗಲಿ ಅರಸನಿಂದಾಗಲಿ ಕೇಡು ಬರದಿದ್ದರೆ ಅವರು ನಡೆದುದೇ ಸೀಮೆ. ಸುಳ್ಳಾದರೆ ಒಬ್ಬೊಬ್ಬನಿಗೂ ಮಧ್ಯಮಸಾಹಸವೆಂಬ ೫೪೦ ಪಣಗಳ ದಂಡ. ಈ ವಿಚಾರಣೆಗೆ ಕಾಲವನ್ನೂ ಮನುವು ಹೇಳಿರುವನು: ಜ್ಯೇಷ್ಠಮಾಸದಲ್ಲಿ, ಎಲ್ಲೆಯ ಕಟ್ಟೆಗಳು ಚೆನ್ನಾಗಿ ಕಾಣುವಾಗ. ಎರೆಯ ಹೊಲವನ್ನು ಕಂಡವರಿಗೆ ಈ ಮಾತಿನ ಸತ್ಯವು ಕೂಡಲೆ ಹೊಳೆಯುವದು. ಕಾಳು ಕಡಿಗಳೆಲ್ಲ ಮನೆ ಸೇರಿ, ಹುಲ್ಲು ಒಣಗಿ, ನೆಲವು ಬತ್ತಲೆಯಾಗಿರುವ ಆ ಹೊತ್ತಿನಲ್ಲಿ ಅಳಿದ ಬದುವಿನ ಬುಡವೂ ಬೇರೆ ಬಣ್ಣದಿಂದ ಎದ್ದು ತೋರುವದು.

ಹೀಗೆ ಆ ಕಾಲದ ಉಪೇಕ್ಷೆಗೆ ನೆಲದೊಳಗಿನ ಚಿಹ್ನೆಯೂ ಊರವರ ನೆನಪೂ ಬೆಂಗಾವಲಾಗಿದ್ದವು. ೧೮೪೦ರ ದಶಕದಲ್ಲಿ ವಿಂಗೇಟ ಸಾಹೇಬನ ಮೇಲ್ವಿಚಾರಣೆಯಲ್ಲಿ ಈ ಪ್ರಾಂತದ ಮೋಜಣಿಯಾಗಿ, ೧೮೪೭ರ ಸಂಯುಕ್ತ ವರದಿಯಿಂದ ಅದರ ಪದ್ಧತಿಯು ನೆಲೆಗೊಂಡು, ಹೊಲಕ್ಕೆ ಸರ್ವೇ ನಂಬರೂ ಮೂಲೆಗೆ ಬಾಂದಗಲ್ಲೂ ಬಂದ ಮೇಲೆ ಸೀಮೆಯ ಪ್ರಮಾಣವು ಮುದುಕರ ಬಾಯಿಂದ ನಕಾಶೆಗೆ ಸರಿಯಿತು. ಕುಂದಗೋಳವು ಜಮಖಂಡಿ ಸಂಸ್ಥಾನಕ್ಕೆ ಸೇರಿದುದಾದುದರಿಂದ ೧೯೪೮ರ ವಿಲೀನದ ವರೆಗೆ ಅಲ್ಲಿಯ ದಪ್ತರವೇ ಬೇರೆಯಾಗಿತ್ತು.

ಈಗ ದೇವದತ್ತನಿಗೆ ತೆರೆದಿರುವ ಮೊದಲನೆಯ ದಾರಿಯೆಂದರೆ ಹದ್ದುಬಸ್ತಿನ ಅರ್ಜಿ. ಕರ್ನಾಟಕದಲ್ಲಿ ೧೯೬೪ರ ಭೂಕಂದಾಯ ಕಾಯಿದೆಯು ಎಲ್ಲೆಯನ್ನು ಗೊತ್ತುಮಾಡುವ ಅಧಿಕಾರವನ್ನು ಮೋಜಣಿಯ ಅಧಿಕಾರಿಗಳಿಗೆ ಕೊಟ್ಟಿರುವದು. ನೆರೆಯವರಿಗೆ ನೋಟೀಸು ಕೊಟ್ಟು, ಅವರ ಸಮಕ್ಷಮ ಅಳೆದು, ಮೂಲ ಟಿಪ್ಪಣಿಯಂತೆ ಗುರುತುಗಳನ್ನು ತೋರಿಸುವರು. ಸಾಮಂತರಿಗೆ ಇಲ್ಲಿ ಉಳಿದುದು ಪಂಚನಾಮೆಗೆ ರುಜು ಹಾಕುವ ಕೆಲಸವಷ್ಟೆ. ಆದರೆ ಅಳೆಯುವವನು ಎಲ್ಲೆಯನ್ನು ತೋರಿಸುವನೇ ಹೊರತು ಒತ್ತಿದವನನ್ನು ಎಬ್ಬಿಸಲಾರನು. ಇದನ್ನು ತಿಳಿಯದೆ, ಅಳತೆ ತನ್ನಂತೆ ಬಂದಿತೆಂಬ ಸಮಾಧಾನದಲ್ಲಿಯೇ ಮನೆಗೆ ಹೋಗಿ ಕೂತವರು ಬಹಳ. ಉತಾರದಲ್ಲಿ ಹೆಸರಿರುವದೂ, ವಿರುದ್ಧವು ಸಿದ್ಧವಾಗುವ ವರೆಗೆ ನಿಜವೆಂದು ಎಣಿಸತಕ್ಕದ್ದೆಂಬಷ್ಟಕ್ಕೇ ಬೆಲೆಯುಳ್ಳದ್ದು. ನಾಲ್ಕು ಗುಂಟೆ ತಿರುಗಿ ಕೈಸೇರಬೇಕಾದರೆ ದಿವಾಣಿ ಕೋರ್ಟಿನಲ್ಲಿ ದಾವೆಯನ್ನೇ ಹೂಡಬೇಕು. ಅಗತ್ಯವಾದರೆ ಸ್ಥಳವನ್ನು ನೋಡಿ ಬರುವದಕ್ಕೆ ಕೋರ್ಟು ಕಮಿಶನರನನ್ನು ಕಳಿಸುವದು.

ಕಾಲದ ವಿಚಾರವು ಇಲ್ಲಿ ಬರುವದು. ಬಲಾತ್ಕಾರದಿಂದ ಹೊರದೂಡಲ್ಪಟ್ಟವನು ಆರು ತಿಂಗಳೊಳಗೆ ಬಂದರೆ, ೧೯೬೩ರ ನಿರ್ದಿಷ್ಟ ಪರಿಹಾರ ಕಾಯಿದೆಯ ೬ನೆಯ ಕಲಮಿನಂತೆ, ಸ್ವತ್ವದ ವಿಚಾರಣೆಯಿಲ್ಲದೆ ಕಬಜೆಯು ಅವನಿಗೆ ತಿರುಗಿ ಬರುವದು. ಮುಂಬಯಿ ಆಧಿಪತ್ಯದ ಕಾಲಕ್ಕೆ ೧೯೦೬ರ ಮಾಮಲೇದಾರ ಕೋರ್ಟುಗಳ ಕಾಯಿದೆಯಲ್ಲಿಯೂ ಅವಧಿಯು ಆರು ತಿಂಗಳೇ ಆಗಿತ್ತು. ಹೊಡೆದಾಟದ ಭಯವಿದ್ದಲ್ಲಿ ದಂಡಾಧಿಕಾರಿಯು ನಡುವೆ ಬರಬಹುದು; ೨೦೨೪ರ ಜುಲೈ ೧ರಿಂದ ನಡೆಯುತ್ತಿರುವ ನಾಗರಿಕ ಸುರಕ್ಷಾ ಸಂಹಿತೆಯ ೧೬೪ನೆಯ ಕಲಮು ಅದಕ್ಕೆ ಆಧಾರ. ಅಲ್ಲಿಯಾದರೋ ನೋಡುವದು ಸದ್ಯದ ಕಬಜೆಯನ್ನು, ಹೆಚ್ಚೆಂದರೆ ಹಿಂದಿನ ಎರಡು ತಿಂಗಳಲ್ಲಿ ಆದ ಹೊರದೂಡಿಕೆಯನ್ನು. ಇವೆಲ್ಲ ತಪ್ಪಿದರೆ ಉಳಿಯುವದು ಹನ್ನೆರಡು ವರ್ಷ. ೧೯೬೩ರ ಕಾಲಮಿತಿ ಕಾಯಿದೆಯ ೬೫ನೆಯ ಅನುಚ್ಛೇದದಂತೆ ಯಜ್ಞದತ್ತನ ಕಬಜೆಯು ಪ್ರಕಟವಾಗಿ, ನಿರಂತರವಾಗಿ, ದೇವದತ್ತನ ಹಕ್ಕಿಗೆ ವಿರುದ್ಧವಾಗಿ ಹನ್ನೆರಡು ವರ್ಷ ನಡೆದರೆ ದೇವದತ್ತನ ದಾವೆಯು ಬೀಳುವದು. ಅಷ್ಟಕ್ಕೇ ನಿಲ್ಲದೆ, ೨೭ನೆಯ ಕಲಮಿನಂತೆ ಅವನ ಸ್ವತ್ವವೇ ಅಳಿಯುವದು. ೨೦೧೯ರ ಆಗಸ್ಟದಲ್ಲಿ ರವೀಂದರ ಕೌರ ಗ್ರೇವಾಲ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಹೀಗೆ ಪಡೆದ ಹಕ್ಕಿನ ಬಲದಿಂದ ಯಜ್ಞದತ್ತನಂಥವನು ತಾನೇ ವಾದಿಯಾಗಿಯೂ ಬರಬಹುದೆಂದು ತೀರ್ಪಿತ್ತಿತು. ಯಾವ ಸ್ವತ್ವಹಾನಿಯನ್ನು ವಿಜ್ಞಾನೇಶ್ವರನು ಇಪ್ಪತ್ತು ವರ್ಷಗಳಿಗೂ ಒಪ್ಪಲಿಲ್ಲವೋ ಅದು ಇಲ್ಲಿ ಹನ್ನೆರಡಕ್ಕೇ ಸಿದ್ಧಿಸುವದು. ಸೀಮೆಗೆ ಇಲ್ಲಿ ಅಪವಾದವೂ ಇಲ್ಲ.

ವಕೀಲನಿಂದ ನೋಟೀಸು ಕೊಡಿಸಿದ ಮಾತ್ರಕ್ಕೆ ಈ ಕಾಲದ ಎಣಿಕೆಯು ನಿಲ್ಲದು. ಹಿರಿಯರು ಹತ್ತು ಸಲ ಕೂಡಿದರೂ ನಿಲ್ಲದು. ಆದರೆ ದೇವದತ್ತನ ಅಪ್ಪಣೆಯಿಂದ ಉಳುತ್ತಿರುವೆನೆಂದು ಯಜ್ಞದತ್ತನು ಬರೆದುಕೊಟ್ಟರೆ ಕಬಜೆಯ ವಿರೋಧಭಾವವೇ ಹೋಗುವದರಿಂದ ಅದು ಎಷ್ಟು ವರ್ಷ ನಡೆದರೂ ಬಾಧಕವಿಲ್ಲ. ಒಂದು ಕಾಗದದ ಬೆಲೆ ಅಷ್ಟು.

ದಾರಿ, ನೀರು, ಮನೆಯ ಬೆಳಕುಗಳ ವಿಷಯದಲ್ಲಿ ೧೮೮೨ರ ಸೌಲಭ್ಯ ಹಕ್ಕುಗಳ ಕಾಯಿದೆಯು ಇಪ್ಪತ್ತು ವರ್ಷಗಳ ನಿರಂತರ ಉಪಭೋಗವನ್ನು ಕೇಳುವದು. ಅಡ್ಡಿಯಾದ ಎರಡು ವರ್ಷಗಳೊಳಗೆ ದಾವೆಯಾಗಬೇಕು. ಇಪ್ಪತ್ತೆಂಬ ಸಂಖ್ಯೆಯನ್ನು ಕಂಡು ಯಾಜ್ಞವಲ್ಕ್ಯನೇ ಇದಕ್ಕೆ ಮೂಲವೆಂದು ಹೇಳುವದು ಸಾಹಸವಾದೀತು. ಇದು ಇಂಗ್ಲಂಡದ ೧೮೩೨ರ ಕಾಯಿದೆಯ ಸಂತತಿ. ಶಾಸ್ತ್ರದ ಔದಾರ್ಯವು ಬೇರೊಂದು ಕಡೆಯಲ್ಲಿದೆ: ಪರರ ಹೊಲದಲ್ಲಿ ಕಟ್ಟಿದ ಒಡ್ಡಿನಿಂದ ಬಾಧೆ ಅಲ್ಪವಾಗಿ ಉಪಕಾರವು ಹೆಚ್ಚಾಗಿದ್ದರೆ, ತೋಡಿದ ಬಾವಿಯು ಕೊಂಚ ನೆಲವನ್ನು ಹಿಡಿದು ಬಹಳ ನೀರನ್ನು ಕೊಡುತ್ತಿದ್ದರೆ, ಒಡೆಯನು ತಡೆಯಕೂಡದು. ಕಲಘಟಗಿಯ ಗದ್ದೆಗಳವರಿಗೆ ಒಪ್ಪುವ ಈ ನ್ಯಾಯಕ್ಕೆ ಸಮನಾದ ನಿಯಮವು ಸೌಲಭ್ಯ ಹಕ್ಕುಗಳ ಕಾಯಿದೆಯಲ್ಲಿಲ್ಲ.

ಉಪೇಕ್ಷೆಯಿಂದಾದ ಹಾನಿಗೆ ಗೇಣಿಯ ಇತಿಹಾಸವು ಇನ್ನೂ ದೊಡ್ಡ ನಿದರ್ಶನ. ೧೯೬೧ರ ಭೂಸುಧಾರಣಾ ಕಾಯಿದೆಗೆ ಆದ ತಿದ್ದುಪಡಿಯಿಂದ ೧೯೭೪ರ ಮಾರ್ಚ ೧ರಂದು ಗೇಣಿಯ ಭೂಮಿಗಳು ಸರಕಾರಕ್ಕೆ ಸಂದು, ಉಳುವವನು ಏಳನೆಯ ನಮೂನೆಯಲ್ಲಿ ಅರ್ಜಿಯನ್ನು ಕೊಟ್ಟು ಒಡೆತನವನ್ನು ಪಡೆಯಬಹುದಾಯಿತು. ಬೆಳೆಸಿದ ಕಡೆಯ ದಿನ ೧೯೭೯ರ ಜೂನ ೩೦. ಒಡೆಯರ ದಾಕ್ಷಿಣ್ಯಕ್ಕಾಗಿ ಅರ್ಜಿ ಕೊಡದವನಿಗೆ ಏಳನೆಯ ನಮೂನೆಯ ಈ ದಾರಿಯು ಮುಚ್ಚಿಹೋಯಿತು. ಇಂದು ಬಾಯಿಮಾತಿನ ಲಾವಣಿಗೆ ಹೊಲವನ್ನು ಹಿಡಿದವನಿಗಂತೂ ಈ ಕಾಯಿದೆಯ ಆಶ್ರಯವಿಲ್ಲ.

ಕೂಲಿಯ ವಿಷಯದಲ್ಲಿ ಮಾತ್ರ ಕಾಲವು ಹಿಗ್ಗಿರುವದು. ಕೂಲಿಯನ್ನು ಗೊತ್ತುಮಾಡದೆ ದುಡಿಸಿಕೊಂಡವನು ವ್ಯಾಪಾರ, ಪಶು, ಬೆಳೆಗಳ ಲಾಭದಲ್ಲಿ ಹತ್ತನೆಯ ಪಾಲನ್ನು ಆಳಿಗೆ ಕೊಡಬೇಕೆಂದು ಯಾಜ್ಞವಲ್ಕ್ಯನು ಹೇಳಿದನು. ೧೯೪೮ರ ಕನಿಷ್ಠ ವೇತನ ಕಾಯಿದೆಯಲ್ಲಿ ತಕರಾರಿನ ಅವಧಿಯು ಆರು ತಿಂಗಳಾಗಿತ್ತು. ೨೦೨೫ರ ನವೆಂಬರ ೨೧ರಂದು ಜಾರಿಗೆ ಬಂದ ೨೦೧೯ರ ವೇತನ ಸಂಹಿತೆಯಲ್ಲಿ ಅದು ಮೂರು ವರ್ಷವಾಗಿದೆ. ಬೀಜವನ್ನು ಕೊಂಡವನಿಗೆ ಶಾಸ್ತ್ರವು ಪರೀಕ್ಷೆಗೆ ಹತ್ತು ದಿನ ಕೊಟ್ಟಿತ್ತು. ಮೊಳಕೆಯ ದೋಷವು ಅಷ್ಟರಲ್ಲಿ ತಿಳಿದೀತು. ಹೂ ಕಾಯಿಗಳ ದೋಷವು ತಿಳಿಯದು. ಗ್ರಾಹಕ ಆಯೋಗಕ್ಕೆ ಹೋಗುವದಕ್ಕೆ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಎರಡು ವರ್ಷ ಕೊಟ್ಟಿದೆ. ಬೀಜವನ್ನು ಕೊಂಡ ರೈತನೂ ಗ್ರಾಹಕನೇ ಎಂದು ಸರ್ವೋಚ್ಚ ನ್ಯಾಯಾಲಯವು ೨೦೧೨ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ನಿರ್ಣಯಿಸಿರುವದು.

ಇಷ್ಟಾದರೂ ಹಿರಿಯರ ಕೂಟವನ್ನು ಹಳಿಯುವದು ಯುಕ್ತವಲ್ಲ. ಶಾಸ್ತ್ರವೇ ಕುಲ, ಶ್ರೇಣಿ, ಪೂಗಗಳೆಂಬ ಸಭೆಗಳನ್ನು ಒಪ್ಪಿ, ಅವುಗಳ ಮೇಲೆ ಅರಸನು ನೇಮಿಸಿದ ಸಭೆಯನ್ನಿಟ್ಟಿತು. ಬಂಧುಗಳದು ಕುಲ, ಎಲೆ ಮಾರುವವರು, ನೇಯುವವರು ಮುಂತಾದ ಒಂದೇ ಕಸುಬಿನವರದು ಶ್ರೇಣಿ, ನಾನಾ ಜಾತಿ ನಾನಾ ವೃತ್ತಿಗಳ ಏಕಸ್ಥಳವಾಸಿಗಳದು ಪೂಗ. ಕೆಳಗಣ ನಿರ್ಣಯವನ್ನು ಮೇಲಣ ಸಭೆಗೆ ಒಯ್ಯಬಹುದಾಗಿತ್ತು. ಊರ ಹಿರಿಯರದು ಪೂಗವೇ; ಕೊರತೆಯೆಂದರೆ ಅವರ ಮಾತಿಗೆ ಮೇಲೆ ತಾಗುವ ಕೊಂಡಿಯು ಇಲ್ಲ. ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಲ್ಲಿ ಆ ಕೊಂಡಿಯು ದೊರೆಯುವದು. ದಾವೆಯಾಗದ ತಕರಾರನ್ನೂ ತಾಲೂಕಿನ ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್ತಿನ ಮುಂದಿಟ್ಟು, ಊರಿನಲ್ಲಿ ಆದ ರಾಜಿಯನ್ನು ಬರೆಯಿಸಿದರೆ ಅದಕ್ಕೆ ದಿವಾಣಿ ಕೋರ್ಟಿನ ಡಿಕ್ರಿಯ ಬಲ ಬರುವದು. ಅದರ ಮೇಲೆ ಅಪೀಲಿಲ್ಲ. ಪೂಗದ ನಿರ್ಣಯಕ್ಕೂ ಇಲ್ಲದ ಬಲವಿದು. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡಗಳವರಿಗೆ, ಗೊತ್ತುಪಡಿಸಿದ ಮಿತಿಗಿಂತ ಕಡಿಮೆ ಆದಾಯದವರಿಗೆ ವಕೀಲನೂ ಧರ್ಮಾರ್ಥವಾಗಿ ದೊರೆಯುವನು.

ಆದುದರಿಂದ ದೇವದತ್ತನಿಗೆ ಮನುವಿನ ಮಾತು ಈಗಲೂ ಉಪಯೋಗಕ್ಕೆ ಬರುವಂಥದು. ಜ್ಯೇಷ್ಠದಲ್ಲಿ, ಮುಂಗಾರಿನ ಹೆಸರು ಎದ್ದು ಬದುವನ್ನು ಮುಚ್ಚುವ ಮೊದಲೇ ಅಳತೆಯಾಗುವಂತೆ ಹದ್ದುಬಸ್ತಿನ ಅರ್ಜಿಯನ್ನು ಮುಂದಾಗಿ ಕೊಡಬೇಕು. ಎಲ್ಲೆಯು ಗೊತ್ತಾದ ಅದೇ ವಾರದಲ್ಲಿ ಹಿರಿಯರನ್ನು ಕೂಡಿಸಿ, ಯಜ್ಞದತ್ತನು ಒಪ್ಪಿದರೆ ರಾಜಿಯನ್ನು ಬರೆಯಿಸಿ ಅದಾಲತ್ತಿಗೆ ಒಯ್ಯಬೇಕು. ಒಪ್ಪದಿದ್ದರೆ ಸುಗ್ಗಿಗೆ ಕಾಯದೆ ನವಲಗುಂದದ ಕೋರ್ಟಿಗೆ ಹೋಗಬೇಕು.