ಕೀಟಾಣುನಾಶಕ ಸೋಪು ಬೇಕೇ ಬೇಕೆ?

ಪ್ರಶ್ನೆ: ಕೀಟಾಣುನಾಶಕ ಸೋಪು, ಫಿನಾಯಿಲ್ ಇಲ್ಲದೆ ಮನೆಯನ್ನು ಶುಚಿಯಾಗಿಡಲು ಸಾಧ್ಯವೇ?

ಉತ್ತರ: ಖಂಡಿತ ಸಾಧ್ಯ. ಸಾಧಾರಣ ಸೋಪಿನ ಅಣುವಿನ ಒಂದು ತುದಿ ಜಿಡ್ಡಿಗೆ, ಇನ್ನೊಂದು ನೀರಿಗೆ ಅಂಟುತ್ತದೆ. ಹಾಗಾಗಿ 20 ಸೆಕೆಂಡು ಉಜ್ಜಿ ತೊಳೆದರೆ ಕೊಳೆಯೊಂದಿಗೆ ರೋಗಾಣುಗಳೂ ಹರಿದುಹೋಗುತ್ತವೆ. ಟ್ರೈಕ್ಲೋಸಾನ್ ಸೇರಿದಂತೆ 19 ಕೀಟಾಣುನಾಶಕ ರಾಸಾಯನಿಕಗಳಲ್ಲಿ ಯಾವುದಾದರೂ ಇರುವ ಕೈತೊಳೆಯುವ ಸೋಪುಗಳು ಸಾದಾ ಸೋಪಿಗಿಂತ ಮೇಲೆಂಬುದಕ್ಕೆ ಪುರಾವೆಯಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಅವುಗಳ ಮಾರಾಟವನ್ನು ನಿಷೇಧಿಸಿತು. ಟ್ರೈಕ್ಲೋಸಾನ್ ನೀರು ಸೇರಿದರೆ ಪಾಚಿ, ಜಲಚರಗಳಿಗೆ ವಿಷ.

ಪಾತ್ರೆ, ಬಟ್ಟೆಗೆ ಅಂಟುವಾಳ ಒಳ್ಳೆಯದು. ಅದರ ಸಿಪ್ಪೆಯಲ್ಲಿರುವ ಸಪೋನಿನ್ ಸಹಜವಾಗಿ ನೊರೆ ಕೊಡುತ್ತದೆ. ಸಿಪ್ಪೆಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ ಸೋಸಿಕೊಳ್ಳಿ. ಹಿತ್ತಾಳೆಗೆ ಹುಣಸೆಹಣ್ಣು ಸಾಕು. ಬೋರ್‌ವೆಲ್ ನೀರಿನ ಬಿಳಿ ಕಲೆಗೆ ವಿನೆಗರ್ ಹಚ್ಚಿ; ಅಮೃತಶಿಲೆಗೆ ಮಾತ್ರ ಬೇಡ, ಆಮ್ಲ ಅದನ್ನು ಕೊರೆಯುತ್ತದೆ. ಜಿಡ್ಡಿನ ಸಿಂಕಿಗೆ ಅಡುಗೆ ಸೋಡಾ ಉಜ್ಜಿ.

ಮನೆಯಲ್ಲಿ ವಾಂತಿಭೇದಿ ಇದ್ದಾಗ ಶೌಚಾಲಯಕ್ಕೆ ಬ್ಲೀಚ್ ಬೇಕಾಗಬಹುದು. ಅದನ್ನು ವಿನೆಗರ್ ಅಥವಾ ಆಮ್ಲದ ಜೊತೆ ಎಂದೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ತೊಳೆದ ನೀರು ಕೊನೆಗೆ ಕೆರೆಗಳನ್ನೂ ಸೇರುತ್ತದೆ: ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಯಲ್ಲಿ ಮನೆಮನೆಯ ಡಿಟರ್ಜೆಂಟಿನ ಪಾಲೂ ಇದೆ. ಡಿಟರ್ಜೆಂಟನ್ನು ಅಳತೆ ಮೀರದೆ ಬಳಸುವುದೇ ನಾವು ಇಂದೇ ಮಾಡಬಹುದಾದ ಮೊದಲ ಕೆಲಸ.