ಮನೆ ಮಾರಾಟವೂ ದಲಾಲನ ಪರೀಕ್ಷೆಯೂ

ಕುಮುದ್ವತೀ ತೀರದ ನಮ್ಮ ರಟ್ಟೀಹಳ್ಳಿಯಲ್ಲಿ ಪಿತ್ರಾರ್ಜಿತ ಮನೆಯನ್ನು ಮಾರಹೊರಟ ಗೃಹಸ್ಥರು ಬೆಲೆಯನ್ನು ವಿಚಾರಿಸುವಷ್ಟು ದಲಾಲನನ್ನು ವಿಚಾರಿಸುವುದಿಲ್ಲ. ಅಧಿಕ ಬೆಲೆಯ ಆಸೆಯನ್ನು ತೋರಿಸುವವನೇ ಪ್ರಾಮಾಣಿಕನೆಂದು ಬಗೆಯಲಾಗದು. ನೆರೆಯ ಮನೆಗಳು ನಿಜವಾಗಿ ಎಷ್ಟಕ್ಕೆ ಹೋದವೆಂಬುದನ್ನು ತಿಳಿಸಿ, ಉತಾರ ಮತ್ತು ಋಣಭಾರ ಪತ್ರಗಳನ್ನು ಮೊದಲು ಕೇಳುವವನನ್ನೇ ನಾವು ಯೋಗ್ಯನೆನ್ನುವೆವು. ದಲಾಲಿ ಎಷ್ಟು, ಕೊಳ್ಳುವವರಿಂದಲೂ ಪಡೆಯುವನೋ ಎಂಬುದನ್ನು ಮೊದಲೇ ಬರೆಯಿಸಿಕೊಳ್ಳತಕ್ಕದ್ದು.

ದಲಾಲನೇ ಅನ್ಯರ ಹೆಸರಿನಲ್ಲಿ ಮನೆಯನ್ನು ಕೊಳ್ಳುವುದುಂಟು. 1872ರ ಕರಾರು ಕಾಯಿದೆಯು 215ನೆಯ ಕಲಮಿನಲ್ಲಿ ಇದನ್ನೇ ಉದಾಹರಣೆಯಾಗಿ ಕೊಟ್ಟಿದೆ. ಅವನು ಮುಖ್ಯ ಸಂಗತಿಯನ್ನು ವಂಚನೆಯಿಂದ ಮುಚ್ಚಿಟ್ಟನೆಂದಾಗಲಿ, ವ್ಯವಹಾರದಿಂದ ತನಗೆ ಹಾನಿಯಾಯಿತೆಂದಾಗಲಿ ತೋರಿಸಿಕೊಟ್ಟರೆ ಮಾಲಕನು ಆ ಮಾರಾಟವನ್ನು ನಿರಾಕರಿಸಬಹುದು. ಆದರೆ ತೋರಿಸಿಕೊಡುವ ಭಾರವು ಮಾಲಕನದೇ. ಆದುದರಿಂದ ಕೊಳ್ಳುವವರನ್ನು ಕಣ್ಣಾರೆ ಕಂಡು, ಬೆಲೆಯನ್ನು ಅವರ ಬಾಯಿಂದಲೇ ಕೇಳಿದ ಹೊರತು ಸಂಚಕಾರವನ್ನು ಸ್ವೀಕರಿಸಬಾರದು. ಈ ಭೇಟಿಗೆ ಅಡ್ಡಬರುವ ದಲಾಲನನ್ನು ಅಂದೇ ಬಿಡುವುದು ಲೇಸು.