ಕೈಗೆ ತಣ್ಣಗೆ, ಲೆಕ್ಕಕ್ಕೆ ಬಿಸಿ

ಏಪ್ರಿಲ್ ಮಧ್ಯಾಹ್ನ ತಾಂಡೂರಿನ ಯಾವ ಮನೆಯಲ್ಲಾದರೂ ಎರಡು ಕಡೆ ಕೈಯಿಟ್ಟು ನೋಡಬಹುದು. ಒಳಗೆ ಹಾಸಿದ ಊರಿನದೇ ಫರಸಿ ಕಲ್ಲು ತಣ್ಣಗಿರುತ್ತದೆ, ಅಂಗಳದ ಪತ್ರಾಸಿನ ಚಪ್ಪರ ಚುರ್ರೆನ್ನುತ್ತದೆ. ಇಷ್ಟರಿಂದಲೇ ಊರು ಒಂದು ತೀರ್ಮಾನಕ್ಕೆ ಬಂದುಬಿಟ್ಟಿದೆ: ಕಲ್ಲು ತಂಪು, ತಗಡು ಬಿಸಿ. ಫಂಕ್ಷನ್ ಹಾಲು, ಆಸ್ಪತ್ರೆ, ಬಟ್ಟೆ ಅಂಗಡಿಗಳಿಗೆ ಎಸಿ ಡಕ್ಟ್ ಹಾಕಿಸುವ ಕಾಲ ಬಂದಾಗಲೂ ಇದೇ ತೀರ್ಮಾನ ಮುಂದೆ ನಿಲ್ಲುತ್ತದೆ. ಜಿಐ ತಗಡಿನ ಡಕ್ಟ್‌ನಲ್ಲಿ ಗಾಳಿ ದಾರಿಯಲ್ಲೇ ಕಾಯುತ್ತದೆ, ಫೈಬರ್‌ಗ್ಲಾಸ್ ಹಲಗೆಯದ್ದೇ ಒಳ್ಳೆಯದು ಎನ್ನುವವರು ಒಂದು ಕಡೆ. ಗಾಜಿನ ನೂಲು ಎದೆಗೆ ಹೋದರೆ ಕ್ಯಾನ್ಸರ್ ಬರುತ್ತದೆ, ತಗಡೇ ಗಟ್ಟಿ ಎನ್ನುವವರು ಇನ್ನೊಂದು ಕಡೆ. ಬಿಸಿಗಾಳಿ ಹಾಯಿಸುವಷ್ಟು ಚಳಿ ನಮ್ಮ ಭಾಗಕ್ಕಿಲ್ಲ, ಹಾಗಾಗಿ ಇಲ್ಲಿ ತಂಪಿನ ಮಾತಷ್ಟೇ. ಈ ಜಗಳದಲ್ಲಿ ಎರಡು ಕಡೆಯವರೂ ವಸ್ತುವಿನ ಹೆಸರು ಹಿಡಿದು ವಾದಿಸುತ್ತಾರೆ. ತಂಪು ಕಳೆದುಹೋಗುವುದು ಮಾತ್ರ ಬೇರೆ ಕಡೆಗಳಲ್ಲಿ.

ಮೊದಲು ಕೈಯ ಸಾಕ್ಷಿಯನ್ನೇ ಪರೀಕ್ಷಿಸೋಣ. ನೆಲದ ಫರಸಿ ತಣ್ಣಗಿರುವುದು ಅದು ನೆರಳಲ್ಲಿದೆ, ಅದರಡಿ ಬಿಸಿಲು ಕಾಣದ ನೆಲವಿದೆ ಎಂಬ ಕಾರಣಕ್ಕೆ. ಅದೇ ಕಲ್ಲನ್ನು ಮಾಳಗಿಯ ಮೇಲೆ ಹಾಸಿ ಮಧ್ಯಾಹ್ನ ಎರಡಕ್ಕೆ ಬರಿಗಾಲಲ್ಲಿ ಹತ್ತಿದವರಿಗೆ ಹೆಚ್ಚು ಹೇಳಬೇಕಿಲ್ಲ. ಕೈ ಅಳೆಯುವುದು ವಸ್ತುವಿನ ಉಷ್ಣಾಂಶವನ್ನಲ್ಲ, ನಮ್ಮ ಮೈಯ ಶಾಖವನ್ನು ಅದು ಎಷ್ಟು ಬೇಗ ಎಳೆದುಕೊಳ್ಳುತ್ತದೆ ಎಂಬುದನ್ನು. 24 ಡಿಗ್ರಿಯ ಕೋಣೆಯಲ್ಲಿ ರಾತ್ರಿಯಿಡೀ ಇಟ್ಟ ಕಬ್ಬಿಣ, ಕಲ್ಲು, ಕಟ್ಟಿಗೆ ಮೂರೂ 24 ಡಿಗ್ರಿಯೇ. ಆದರೂ ಕಬ್ಬಿಣ ಕೊರೆಯುತ್ತದೆ, ಕಟ್ಟಿಗೆ ಬೆಚ್ಚಗೆನಿಸುತ್ತದೆ. ಇನ್ನು ಶಾಖ ತಡೆಯುವ ಶಕ್ತಿಯ ಮಾತಿಗೆ ಬಂದರೆ ನಮ್ಮ ಕಲ್ಲಿನ ಅಭಿಮಾನಕ್ಕೆ ಪೆಟ್ಟೇ ಬೀಳುತ್ತದೆ. 25 ಮಿಲಿಮೀಟರ್ ಗ್ಲಾಸ್ ವುಲ್, ಅಂದರೆ ಫೈಬರ್‌ಗ್ಲಾಸ್ ಹಲಗೆಯಲ್ಲಿರುವ ಗಾಜಿನ ಉಣ್ಣೆ, ತಡೆಯುವಷ್ಟು ಶಾಖವನ್ನು ನಮ್ಮ ಫರಸಿಯ ಸುಣ್ಣಕಲ್ಲು ತಡೆಯಬೇಕಾದರೆ ಅದು ಹೆಚ್ಚುಕಡಿಮೆ ಒಂದು ಮೀಟರ್ ದಪ್ಪ ಇರಬೇಕು. ಹಾಗಾದರೆ ಹಳೆಯ ಮನೆಗಳು ತಂಪಾಗಿದ್ದದ್ದು ಸುಳ್ಳೇ ಎಂದು ಯಾರಾದರೂ ಕೇಳಬಹುದು. ಸುಳ್ಳಲ್ಲ. ದಪ್ಪ ಗೋಡೆ, ಮಾಳಗಿಯ ಮೇಲಿನ ಮಣ್ಣು ಸೇರಿ ಹಗಲಿನ ಶಾಖವನ್ನು ತಮ್ಮೊಳಗೆ ಹಿಡಿದಿಟ್ಟುಕೊಂಡು ತಡವಾಗಿ ಒಳಗೆ ಬಿಡುತ್ತಿದ್ದವು. ಆ ಶಾಖ ಒಳಗೆ ಇಳಿಯುವ ಹೊತ್ತಿಗೆ ಜನ ಹಾಸಿಗೆ ಎತ್ತಿಕೊಂಡು ಮಾಳಗಿಯ ಮೇಲೆ ಮಲಗಲು ಹೋಗಿರುತ್ತಿದ್ದರು.

ಈಗ ಡಕ್ಟ್‌ಗೆ ಬರೋಣ. 300 ಮಿಲಿಮೀಟರ್ ಅಗಲ, ಅಷ್ಟೇ ಎತ್ತರ, 10 ಮೀಟರ್ ಉದ್ದದ ತಗಡಿನ ಡಕ್ಟ್ ಒಂದು ಫಾಲ್ಸ್ ಸೀಲಿಂಗ್‌ನ ಮೇಲೆ ಹಾದುಹೋಗುತ್ತದೆ ಎಂದಿಟ್ಟುಕೊಳ್ಳಿ. ಒಳಗೆ 14 ಡಿಗ್ರಿಯ ಗಾಳಿ, ಹೊರಗೆ ಛಾವಣಿಯಡಿ 44 ಡಿಗ್ರಿ. ಬರೀ ತಗಡಾದರೆ ಅದರ 12 ಚದರ ಮೀಟರ್ ಮೈಯಿಂದ ಒಳಗೆ ನುಗ್ಗುವ ಶಾಖ ಸುಮಾರು 1,500ರಿಂದ 1,800 ವಾಟ್. ಒಂದು ಟನ್ ಎಸಿ ಹೊರಹಾಕುವುದೇ 3,500 ವಾಟ್, ಅಂದರೆ ಒಂದು ಟನ್‌ನಲ್ಲಿ ಅರ್ಧದಷ್ಟು ದಾರಿಖರ್ಚಿಗೇ ಹೋಯಿತು. 25 ಮಿಲಿಮೀಟರ್ ಫೈಬರ್‌ಗ್ಲಾಸ್ ಹಲಗೆಯದ್ದಾದರೆ ಈ ನಷ್ಟ 400 ವಾಟ್‌ಗೆ ಇಳಿಯುತ್ತದೆ. ಫೈಬರ್ ಪಕ್ಷದವರು ಇಲ್ಲಿಗೆ ವಾದ ಮುಗಿಯಿತೆಂದು ಎದ್ದು ಹೊರಡುತ್ತಾರೆ. ಆದರೆ ತಗಡಿನ ಡಕ್ಟ್‌ಗೆ ಅಷ್ಟೇ ದಪ್ಪದ ಗ್ಲಾಸ್ ವುಲ್ ಹೊದಿಸಿದರೂ ನಷ್ಟ ಅದೇ 400ರ ಆಸುಪಾಸಿಗೆ ಬರುತ್ತದೆ. ಉಳಿತಾಯ ಗಾಜಿನ ಉಣ್ಣೆಯದ್ದು. ಅದರ ಜೊತೆ ತಗಡಿದೆಯೋ ಇಲ್ಲವೋ ಎಂಬುದರಿಂದ ಲೆಕ್ಕ ಬದಲಾಗುವುದಿಲ್ಲ. ನಮ್ಮಲ್ಲಿ ಈ ಹಲಗೆ ಸಿಗುವುದೂ ಅಪರೂಪ. ಹೆಚ್ಚಾಗಿ ಹಾಕುವುದು ಜಿಐ ಡಕ್ಟ್‌ಗೆ ಗ್ಲಾಸ್ ವುಲ್ ಇಲ್ಲವೇ ಕಪ್ಪು ನೈಟ್ರೈಲ್ ರಬ್ಬರ್ ಸುತ್ತಿದ ಜೋಡಿಯನ್ನು. ದರ ಇಳಿಸಲು ಮೊದಲು ಕೈಬಿಡುವುದೂ ಈ ಹೊದಿಕೆಯನ್ನೇ. ಬರೀ ತಗಡು ಕೆಟ್ಟ ಹೆಸರು ಪಡೆದದ್ದು ಹೀಗೆ.

ಕ್ಯಾನ್ಸರ್ ಭಯವನ್ನು ಗಾಳಿಮಾತು ಎಂದು ತಳ್ಳಿಹಾಕುವುದು ಸರಿಯಲ್ಲ, ಅದಕ್ಕೊಂದು ಚರಿತ್ರೆಯಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 1988ರಲ್ಲಿ ಗ್ಲಾಸ್ ವುಲ್ ಅನ್ನು ಕ್ಯಾನ್ಸರ್ ತರುವ ಸಾಧ್ಯತೆಯಿರುವ ವಸ್ತುಗಳ ಪಟ್ಟಿಗೆ ಸೇರಿಸಿತ್ತು. ಆಮೇಲೆ ಬಂದ ಪುರಾವೆಗಳನ್ನೆಲ್ಲ ಕೂಡಿಸಿ 2001ರಲ್ಲಿ ಮರುಪರಿಶೀಲಿಸಿ, ಕಟ್ಟಡಗಳಿಗೆ ಬಳಸುವ ನಿರೋಧಕ ಗ್ಲಾಸ್ ವುಲ್ ಅನ್ನು ಆ ಪಟ್ಟಿಯಿಂದ ಕೆಳಗಿಳಿಸಿತು. ಮೈಗೆ ತುರಿಕೆ, ಗಂಟಲಿಗೆ ಕೆರೆತ ಆಗುವುದು ನಿಜ. ಕತ್ತರಿಸುವ ಹುಡುಗರಿಗೆ ಕೈಗವಸು, ಮೂಗಿಗೆ ಮಾಸ್ಕ್ ಕೊಡಲೇಬೇಕು. ಜನ ಬಹಳ ಸಲ ಇದನ್ನು ಆಸ್‌ಬೆಸ್ಟಾಸ್ ಜೊತೆ ಬೆರೆಸುತ್ತಾರೆ. ಕ್ಯಾನ್ಸರ್ ತರುತ್ತದೆ ಎಂದು ನಿಶ್ಚಯವಾಗಿ ಸಾಬೀತಾಗಿರುವುದು ಆಸ್‌ಬೆಸ್ಟಾಸ್. ಹಳೆಯ ಸಿಮೆಂಟ್ ಶೀಟುಗಳಲ್ಲಿ ಅದಿದೆ, ಅವುಗಳ ಕೆಳಗೆ ಕುಳಿತೇ ಗ್ಲಾಸ್ ವುಲ್‌ಗೆ ಹೆದರುವವರಿದ್ದಾರೆ.

ಡಕ್ಟ್‌ಗೆ ಬೂಸಲು ಹಿಡಿಯುತ್ತದೆ ಎಂಬ ಇನ್ನೊಂದು ದೂರನ್ನು ಇನ್ನಷ್ಟು ಬಿಡಿಸಿ ನೋಡಬೇಕು. ಬೂಸಲು ಗಾಜನ್ನು ತಿಂದು ಬದುಕುವುದಿಲ್ಲ, ತಗಡನ್ನೂ ತಿನ್ನುವುದಿಲ್ಲ. ಅದಕ್ಕೆ ಬೇಕಾದದ್ದು ದೂಳು ಮತ್ತು ತೇವ. ನಮ್ಮ ಊರಿನಲ್ಲಿ ದೂಳಿಗೆ ಬರವಿಲ್ಲ. ತೇವ ಎಲ್ಲಿಂದ ಎಂದರೆ, ಜುಲೈ, ಆಗಸ್ಟ್‌ನ ಗಾಳಿ 22 ಡಿಗ್ರಿಯ ಹತ್ತಿರ ತಣಿದರೆ ಸಾಕು, ನೀರು ಬಿಡತೊಡಗುತ್ತದೆ. 14 ಡಿಗ್ರಿಯ ಗಾಳಿ ಹೊತ್ತ ಬರೀ ತಗಡಿನ ಹೊರಮೈ ಆಗ ತಣ್ಣೀರಿನ ಚೊಂಬಿನಂತೆ ಬೆವರಿ, ಪಿಒಪಿ ಸೀಲಿಂಗ್ ಮೇಲೆ ಹಳದಿ ಕಲೆ ಬೀಳಿಸುತ್ತದೆ. ತಗಡಿನ ಪರವಾಗಿ ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು: ಒಳಗೆ ಕೊಳೆ ಕೂತರೆ ಅದನ್ನು ಒರೆಸಬಹುದು. ಫೈಬರ್ ಹಲಗೆ ಒಮ್ಮೆ ನೆನೆದು ಬೂಸಲು ಹಿಡಿದರೆ ತೊಳೆಯಲು ಬರುವುದಿಲ್ಲ, ಕಿತ್ತು ಬದಲಾಯಿಸಬೇಕು. ನಮ್ಮ ಕಡೆಯ ಹಾಲ್‌ಗಳಲ್ಲಿ ಬೇಸಿಗೆಗೆ ಹೊರಗೆ ಕೂರಿಸುವ ದೊಡ್ಡ ಡಕ್ಟ್ ಕೂಲರ್‌ಗಳಿಗೆ ಈ ಕಾರಣಕ್ಕೇ ತಗಡು ಸರಿಯಾದದ್ದು. ಕೂಲರ್ ಕಳಿಸುವುದು ನೀರು ತುಂಬಿದ ಗಾಳಿಯನ್ನು, ಅದರಲ್ಲಿ ಹನಿಗಳೂ ತೂರಿ ಬರುತ್ತವೆ. ಉಣ್ಣೆಯ ಒಳಮೈಗೆ ಅದು ಆಗಿಬರುವುದಿಲ್ಲ. ಫೈಬರ್ ಹಲಗೆಗೆ ಅನುಕೂಲವಾಗುವುದು ಸದ್ದಿನ ವಿಷಯ. ಬ್ಲೋಯರ್ ಶುರುವಾದಾಗ ತಗಡು ಢಬ್ ಎನ್ನುತ್ತದೆ, ಹಲಗೆ ಆ ಸದ್ದನ್ನು ನುಂಗಿಕೊಳ್ಳುತ್ತದೆ. ಅದರ ಒರಟು ಒಳಮೈ ಗಾಳಿಯನ್ನು ತುಸು ಹೆಚ್ಚು ಎಳೆದು ಹಿಡಿಯುವುದೂ ಹೌದು.

ಇಷ್ಟೆಲ್ಲ ವಾದದಲ್ಲಿ ಯಾರೂ ಎತ್ತದ ಸಂಗತಿ ಕೀಲುಗಳದ್ದು. ಅಮೆರಿಕದ ಎನರ್ಜಿ ಸ್ಟಾರ್ ಕಾರ್ಯಕ್ರಮ ಹೇಳುವಂತೆ ಅಲ್ಲಿನ ಸಾಮಾನ್ಯ ಮನೆಗಳ ಡಕ್ಟ್‌ನಲ್ಲಿ ಹರಿಯುವ ಗಾಳಿಯಲ್ಲಿ ಶೇಕಡ 20ರಿಂದ 30ರಷ್ಟು ಸೋರಿಕೆ, ಸಂದು, ಕೆಟ್ಟ ಜೋಡಣೆಗಳಲ್ಲೇ ಹೋಗುತ್ತದೆ. ಹಲಗೆಯಾದರೂ ತಗಡಾದರೂ ತುಂಡು ತುಂಡಾಗಿಯೇ ಜೋಡಿಸಬೇಕು, ಆ ಜೋಡಣೆ ಬಾಯಿ ಬಿಟ್ಟರೆ ಉಣ್ಣೆಯ ಲೆಕ್ಕವೆಲ್ಲ ನೀರುಪಾಲು. ತಮಾಷೆಯೆಂದರೆ ಡಕ್ಟ್‌ನ ಹೆಸರನ್ನೇ ಹೊತ್ತ ಬಟ್ಟೆಯ ಡಕ್ಟ್ ಟೇಪ್ ಈ ಕೆಲಸಕ್ಕೆ ಬಾರದ್ದು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ 1998ರಲ್ಲಿ ಹಲವು ಬಗೆಯ ಟೇಪ್, ಲೇಪಗಳನ್ನು ಬಿಸಿ ಗಾಳಿ, ತಣ್ಣನೆ ಗಾಳಿಗೆ ಒಡ್ಡಿ ಪರೀಕ್ಷಿಸಿದಾಗ ಕೈಕೊಟ್ಟದ್ದು ಅದೇ. ಅಲ್ಯುಮಿನಿಯಂ ಫಾಯಿಲ್ ಟೇಪ್, ಬ್ರಷ್‌ನಿಂದ ಬಳಿಯುವ ಮಾಸ್ಟಿಕ್ ಲೇಪ ಇವು ನಿಂತವು.

ಆದ್ದರಿಂದ ಎಸಿ ಡಕ್ಟ್ ಬಿಸಿಲಿಗೆ ಕಾಯ್ದ ಛಾವಣಿಯಡಿ ಹೋಗುವುದಾದರೆ ಹೊದಿಕೆಯಿಲ್ಲದ ತಗಡನ್ನು ಒಪ್ಪಬೇಡಿ, ಕೂಲರ್ ಡಕ್ಟ್‌ಗೆ ಫೈಬರ್ ಹಲಗೆ ಕೇಳಬೇಡಿ. ಕೊಟೇಶನ್‌ನಲ್ಲಿ ಹೊದಿಕೆಯ ದಪ್ಪ ಎಷ್ಟು ಮಿಲಿಮೀಟರ್, ಕೀಲಿಗೆ ಹಚ್ಚುವುದೇನು ಎಂಬುದನ್ನು ಬರೆಸಿಕೊಳ್ಳಿ. ಸೀಲಿಂಗ್ ಮುಚ್ಚುವ ಮೊದಲು, ಕೊನೆಯ ಕಂತು ಕೊಡುವ ಮೊದಲು, ಬ್ಲೋಯರ್ ಹಚ್ಚಿಸಿ ಒಂದು ಊದುಬತ್ತಿಯನ್ನು ಪ್ರತಿ ಕೀಲಿನ ಬಳಿ ಹಿಡಿಯಿರಿ. ಹೊಗೆ ಅಲ್ಲಾಡಿದ ಜಾಗವನ್ನು ಸೀಮೆಸುಣ್ಣದಿಂದ ಗುರುತು ಮಾಡಿ ಮಿಸ್ತ್ರಿಗೆ ತೋರಿಸಿ.